ಸೊಂಟದ ರಿವಾಲ್ವರ್: ಹಗುರ ಎಂಬ ಕಾರಣಕ್ಕೇ ಕೊಳ್ಳಬೇಡಿ

ಸಂಪಾದಕರಿಗೆ,

ಮಾನ್ಯರೇ,

ಆತ್ಮರಕ್ಷಣೆಗೆ ಕೋವಿ ಲೈಸೆನ್ಸ್ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ಚರ್ಚೆ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಲೈಸೆನ್ಸ್ ಕೈಗೆ ಬಂದ ಮೇಲೆ ಅಂಗಡಿಯಲ್ಲಿ ಏನು ನೋಡಿ ಕೊಳ್ಳಬೇಕು ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಹಾಗಾಗಿ ಜನ ಅಮೆರಿಕದ ಯೂಟ್ಯೂಬ್ ವಿಡಿಯೊ ನೋಡಿ ಕಲಿಯುತ್ತಾರೆ. ಅಲ್ಲಿ ಹೊಗಳುವ 9 ಎಂ.ಎಂ. ಪ್ಲಾಸ್ಟಿಕ್ ಹಿಡಿಯ ಪಿಸ್ತೂಲು ನಮ್ಮಲ್ಲಿ ನಿಷೇಧಿತ ಬೋರ್ (ಬೋರ್ ಎಂದರೆ ನಳಿಕೆಯ ಒಳಅಳತೆ). ಜಿಲ್ಲಾಧಿಕಾರಿಯಾಗಲಿ ಪೊಲೀಸ್ ಕಮಿಷನರ್ ಆಗಲಿ ಕೊಡುವ ಲೈಸೆನ್ಸಿನಲ್ಲಿ ಅದು ಸಿಗುವುದಿಲ್ಲ. ಹೊರದೇಶದ ಕೈಬಂದೂಕುಗಳ ಆಮದಿಗೂ 1980ರ ದಶಕದಿಂದಲೇ ಕಡಿವಾಣವಿದೆ. ಉಳಿಯುವುದು ಮುಖ್ಯವಾಗಿ .32 ರಿವಾಲ್ವರ್, .32 ಪಿಸ್ತೂಲು, .22ರ ಒಂದೆರಡು ನಮೂನೆ, ಜತೆಗೆ ಕೈಯಿಂದ ಕೈಗೆ ಲಕ್ಷಗಟ್ಟಲೆ ಬೆಲೆಗೆ ಮಾರಾಟವಾಗುವ ವಾಲ್ಥರ್, ವೆಬ್ಲಿಯಂಥ ಹಳೆಯ ವಿದೇಶಿ ಬಂದೂಕುಗಳು. ಇವುಗಳಲ್ಲಿ ದಿನವೂ ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡುವುದಕ್ಕೆ ಯಾವುದು ಸರಿ ಎಂಬುದಷ್ಟೇ ಈ ಪತ್ರದ ವಿಷಯ.

ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ ‘ತೂಕ ಎಷ್ಟು?’ ಎಂಬುದು. ತಪ್ಪು ಅಲ್ಲಿಂದಲೇ ಶುರು. ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ 2014ರಲ್ಲಿ ತಂದ ‘ನಿರ್ಭೀಕ್’ ಟೈಟೇನಿಯಂ ಮಿಶ್ರಲೋಹದ್ದು, ತೂಕ 500 ಗ್ರಾಂ. ‘ಮಹಿಳೆಯರಿಗಾಗಿ’ ಎಂಬ ಪ್ರಚಾರದೊಂದಿಗೆ ಬಂದ ಅದರ ಬೆಲೆ ಆಗಲೇ 1.22 ಲಕ್ಷ. ಇಛಾಪುರ ರೈಫಲ್ ಫ್ಯಾಕ್ಟರಿಯ .22 ‘ನಿಡರ್’ ಬರೀ 250 ಗ್ರಾಂ. 2023ರಲ್ಲಿ ಬಂದ ‘ಪ್ರಬಲ್’ ಸುಮಾರು 700 ಗ್ರಾಂ, ನಳಿಕೆ 76 ಮಿ.ಮೀ., ಒಟ್ಟು ಉದ್ದ 177 ಮಿ.ಮೀ., ಎಂದರೆ ಒಂದು ಗೇಣಿಗೂ ಕಮ್ಮಿ. ಈ ಅಂಕಿಗಳನ್ನು ಹೋಲಿಸಿ ಹಗುರವಾದದ್ದನ್ನು ಆರಿಸುವುದು ಸಹಜ. ಆದರೆ ರಿವಾಲ್ವರಿನ ಡಬಲ್ ಆ್ಯಕ್ಷನ್‌ನಲ್ಲಿ, ಎಂದರೆ ಹ್ಯಾಮರ್ (ತೋಟೆಗೆ ಬಡಿಯುವ ಹಿಂಬದಿಯ ಸುತ್ತಿಗೆ) ಏರುವುದೂ ಬೀಳುವುದೂ ಒಂದೇ ಎಳೆತದಲ್ಲಿ ಆಗುವಾಗ, ಟ್ರಿಗರನ್ನು ಪೂರ್ತಿ ಎಳೆಯಲು ನಾಲ್ಕೂವರೆಯಿಂದ ಐದೂವರೆ ಕಿಲೊ ಬಲ ಬೇಕು. ಅರ್ಧ ಕಿಲೊ ತೂಗುವ ವಸ್ತುವನ್ನು ಗಾಳಿಯಲ್ಲಿ ಹಿಡಿದು, ಅದರ ಹತ್ತು ಪಟ್ಟು ಬಲದಿಂದ ಅದರದ್ದೇ ಒಂದು ಭಾಗವನ್ನು ಒಂದೇ ಬೆರಳಲ್ಲಿ ಎಳೆದರೆ ನಳಿಕೆಯ ತುದಿ ಪಕ್ಕಕ್ಕೆ ಸರಿಯದೆ ಇರುತ್ತದೆಯೇ? ಬಂದೂಕು ಹಗುರವಾದಷ್ಟೂ ಈ ಸರಿತ ಹೆಚ್ಚು, ಹಿಂದೊದೆತವೂ ಹೆಚ್ಚು. 200 ಗ್ರಾಂ ಉಳಿಸಿದ ನೆಮ್ಮದಿ ಸೊಂಟಕ್ಕೆ, ಅದರ ಬೆಲೆ ತೆರುವುದು ಗುರಿ. ಕೈಬಲ ಕಡಿಮೆ ಇರುವವರಿಗೆ ಹಗುರ ರಿವಾಲ್ವರ್ ಕೊಡಿಸುವುದು ತಲೆಕೆಳಗಾದ ಲೆಕ್ಕ.

ಆದ್ದರಿಂದ ಮೊದಲು ಕೈಯಲ್ಲಿ ಹಿಡಿದು ಪರೀಕ್ಷಿಸಿ. ಸಿಲಿಂಡರ್ (ತೋಟೆ ತುಂಬುವ ತಿರುಗುವ ಉರುಳೆ) ತೆರೆದು ಆರೂ ಕೋಣೆ ಖಾಲಿ ಇವೆ ಎಂದು ನೀವೇ ನೋಡಿ. ಅಂಗಡಿಯವನ ಮಾತು ಸಾಲದು. ಜನರಿಲ್ಲದ ದಿಕ್ಕಿಗೆ, ಗಟ್ಟಿ ಗೋಡೆಯ ಕಡೆ ಹಿಡಿಯಿರಿ. ನಳಿಕೆ ಮುಂಗೈಯ ನೇರಕ್ಕೆ ಇದ್ದಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರಿನ ಮೇಲೆ ಕೂರಬೇಕು. ಬೆರಳು ಮುಟ್ಟಿಸಲು ಹಿಡಿಯನ್ನೇ ಕೈಯೊಳಗೆ ತಿರುಗಿಸಬೇಕಾಗಿ ಬಂದರೆ ಅದು ನಿಮ್ಮ ಅಳತೆಯದಲ್ಲ. ಆಮೇಲೆ ಅಂಗಡಿಯವರ ಒಪ್ಪಿಗೆ ಪಡೆದು, ಕೋಣೆಗಳಿಗೆ ಮದ್ದಿಲ್ಲದ ಡಮ್ಮಿ ತೋಟೆ ಹಾಕಿ, ಹತ್ತು ಸಲ ಡಬಲ್ ಆ್ಯಕ್ಷನ್‌ನಲ್ಲಿ ಎಳೆಯಿರಿ. ಏಳನೆಯ, ಎಂಟನೆಯ ಎಳೆತದಲ್ಲಿ ಮುಂದಿನ ಗುರಿಮೊಳೆ ನಡುಗತೊಡಗಿದರೆ ಬೇರೆ ನಮೂನೆ ನೋಡಿ. ಪ್ರತಿ ಸಲವೂ ಹ್ಯಾಮರ್ ಎಳೆದಿಟ್ಟು ಸಿಂಗಲ್ ಆ್ಯಕ್ಷನ್‌ನಲ್ಲೇ ಹೊಡೆಯುತ್ತೇನೆ ಎನ್ನುವುದು ಪರಿಹಾರವಲ್ಲ. ಗಾಬರಿಯ ಕೈಯಲ್ಲಿ ಹ್ಯಾಮರ್ ಏರಿದ, ಟ್ರಿಗರ್ ಹಗುರವಾದ ರಿವಾಲ್ವರ್ ಇರುವುದಕ್ಕಿಂತ ಅಪಾಯ ಮತ್ತೊಂದಿಲ್ಲ. ಬೇಡವಾದಾಗ ಏರಿದ ಹ್ಯಾಮರನ್ನು ಮೆಲ್ಲಗೆ ಇಳಿಸುವುದು ಇನ್ನೂ ಕಷ್ಟ.

ರಿವಾಲ್ವರೋ ಪಿಸ್ತೂಲೋ ಎಂಬ ವಾದಕ್ಕೆ ಕೊನೆಯಿಲ್ಲ. ಪಿಸ್ತೂಲು ಚಪ್ಪಟೆ, ಅಂಗಿಯೊಳಗೆ ಉಬ್ಬುವುದಿಲ್ಲ, ಒಂದೆರಡು ಗುಂಡು ಹೆಚ್ಚಿಗೆ ಹಿಡಿಯುತ್ತದೆ. ಆದರೆ .32 ಪಿಸ್ತೂಲುಗಳು ಬಹುಮಟ್ಟಿಗೆ ಬ್ಲೋಬ್ಯಾಕ್ ಬಗೆಯವು. ಸ್ಲೈಡಿನ (ಹಿಂದೆ ಮುಂದೆ ಸರಿಯುವ ಮೇಲ್ಭಾಗದ) ತೂಕ ಮತ್ತು ಸ್ಪ್ರಿಂಗಿನ ಬಿಗಿಯೇ ಗುಂಡಿನ ಒದೆತವನ್ನು ತಡೆಯಬೇಕು. ಹೀಗಾಗಿ ಸ್ಪ್ರಿಂಗ್ ಗಡಸು, ಬೆರಳಲ್ಲಿ ಶಕ್ತಿ ಕುಂದಿದವರಿಗೆ ಸ್ಲೈಡ್ ಹಿಂದಕ್ಕೆ ಬರುವುದೇ ಇಲ್ಲ. ಎರಡನೆಯ ತೊಡಕು ಮ್ಯಾಗಜೀನ್, ಎಂದರೆ ಹಿಡಿಯೊಳಗೆ ಸೇರಿಸುವ ತೋಟೆಯ ಡಬ್ಬಿ. ಅದರ ಬಾಯಂಚು ಒಂದಿಷ್ಟು ಬಾಗಿದರೂ ತೋಟೆ ಮೂಗು ತಗ್ಗಿಸಿ ಸಿಕ್ಕಿಕೊಳ್ಳುತ್ತದೆ. ಹಳೆಯ ಜರ್ಮನ್ ಪಿಸ್ತೂಲಿಗೆ ಮೂರು ಲಕ್ಷ ಕೊಟ್ಟು, ಇರುವ ಒಂದೇ ಮ್ಯಾಗಜೀನ್ ಸವೆದಿದ್ದರೆ ಇನ್ನೊಂದನ್ನು ಎಲ್ಲಿಂದ ತರುತ್ತೀರಿ? ಮೂರನೆಯದು .32 ಎ.ಸಿ.ಪಿ. ತೋಟೆಗೇ ಇರುವ ದೋಷ. ಅದರ ಬುಡದಲ್ಲಿ ಸಣ್ಣ ಅಂಚು ಇದೆ. ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಜಾರಿದರೆ ಎರಡೂ ಬೀಗ ಹಾಕಿದಂತೆ ನಿಲ್ಲುತ್ತವೆ. ಗಿಡ್ಡ ಮೂಗಿನ ಟೊಳ್ಳು ಗುಂಡಿನಲ್ಲಿ ಇದು ಹೆಚ್ಚು, ಪೂರ್ಣ ಉದ್ದದ ಲೋಹಕವಚದ ಗುಂಡಿನಲ್ಲಿ ಅಪರೂಪ. ಮ್ಯಾಗಜೀನ್ ತುಂಬುವಾಗ ಪ್ರತಿ ಹೊಸ ತೋಟೆಯ ಅಂಚು ಕೆಳಗಿನದರ ಮುಂದಕ್ಕೆ ಬರುವಂತೆ ಕೂರಿಸಬೇಕು.

ರಿವಾಲ್ವರಿನಲ್ಲಿ ಒಂದು ತೋಟೆ ಹಾರದಿದ್ದರೆ ಇನ್ನೊಮ್ಮೆ ಟ್ರಿಗರ್ ಎಳೆದರಾಯಿತು, ಮುಂದಿನ ಕೋಣೆ ಬರುತ್ತದೆ. ಅಪರೂಪಕ್ಕೆ ಅಭ್ಯಾಸ ಮಾಡುವ ನಮ್ಮ ಲೈಸೆನ್ಸ್‌ದಾರರಿಗೆ ಈ ಒಂದು ಗುಣವೇ ಸಾಕು. ನನ್ನ ಮತ ರಿವಾಲ್ವರಿಗೆ. ಅಭ್ಯಾಸದ ಮೈದಾನದಲ್ಲಿ ಮಾತ್ರ ಹಾರದ ತೋಟೆಗೆ ಮೂವತ್ತು ಸೆಕೆಂಡು ಕಾಯಿರಿ, ನಳಿಕೆ ಗುರಿಯತ್ತಲೇ ಇರಲಿ, ತಡವಾಗಿ ಹೊತ್ತಿಕೊಳ್ಳುವುದುಂಟು. .22 ಅನ್ನು ಮೈಮೇಲೆ ಒಯ್ಯಲು ನಾನು ಹೇಳುವುದಿಲ್ಲ. ಅದರ ಕಿಡಿಮದ್ದು ಬುಡದ ಅಂಚಿನೊಳಗೆ ಹರಡಿರುತ್ತದೆ. ಸುತ್ತ ಸಮನಾಗಿ ಹರಡದಿದ್ದರೆ ಹ್ಯಾಮರ್ ಬಿದ್ದರೂ ತೋಟೆ ಹಾರುವುದಿಲ್ಲ. ಅಭ್ಯಾಸಕ್ಕೆ ಅಗ್ಗ, ಅಷ್ಟೇ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡಬೇಕು. ರಿವಾಲ್ವರಿನ .32 ಬೇರೆ, ಪಿಸ್ತೂಲಿನ .32 ಬೇರೆ. ಮೊದಲನೆಯದರ ಖಾಲಿ ಕವಚದ ಉದ್ದ 23 ಮಿ.ಮೀ., ಎರಡನೆಯದು 17 ಮಿ.ಮೀ. ಗಿಡ್ಡ ಪಿಸ್ತೂಲ್ ತೋಟೆ ರಿವಾಲ್ವರಿನ ಕೋಣೆಯೊಳಗೆ ಕೂತುಬಿಡುತ್ತದೆ, ಹಾರಿಯೂ ಬಿಡುತ್ತದೆ. ಅದರ ಒತ್ತಡ ಹೆಚ್ಚು. ಹಳೆಯ ರಿವಾಲ್ವರ್ ಅದನ್ನು ತಾಳಬೇಕೆಂದಿಲ್ಲ. ಡಬ್ಬಿಯ ಮೇಲಿನ ಬರಹವನ್ನೂ ನಳಿಕೆಯ ಮೇಲಿನ ಮುದ್ರೆಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ.

2025ರ ಸೆಪ್ಟೆಂಬರ್ 22ರಿಂದ ರಿವಾಲ್ವರ್, ಪಿಸ್ತೂಲಿನ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿದೆ. ಹಳೆಯದನ್ನು ಹುಡುಕುವವರು ಹೆಚ್ಚುವುದು ಖಂಡಿತ, ಹಾಗಾಗಿ ಹಳೆಯ ರಿವಾಲ್ವರಿನ ಪರೀಕ್ಷೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹ್ಯಾಮರನ್ನು ಬಹಳ ನಿಧಾನವಾಗಿ ಹಿಂದಕ್ಕೆಳೆಯಿರಿ. ಅದು ಪೂರ್ತಿ ಏರಿ ನಿಲ್ಲುವಷ್ಟರಲ್ಲಿ ಸಿಲಿಂಡರ್ ಕಟಕ್ಕೆಂದು ಬೀಗವಾಗಿರಬೇಕು. ಹ್ಯಾಮರ್ ನಿಂತ ಮೇಲೂ ಸಿಲಿಂಡರನ್ನು ಬೆರಳಲ್ಲಿ ಇನ್ನಷ್ಟು ತಿರುಗಿಸಿದರೆ ಮಾತ್ರ ಬೀಗವಾಗುತ್ತದೆ ಎಂದಾದರೆ ಅದರ ಲಯ ತಪ್ಪಿದೆ. ಕೋಣೆ ನಳಿಕೆಗೆ ನೇರವಾಗದೆ ಗುಂಡಿನ ಸೀಸ ಕೆತ್ತಿ ಪಕ್ಕಕ್ಕೆ ಸಿಡಿಯುತ್ತದೆ. ಆರೂ ಕೋಣೆಗೂ ಹೀಗೆ ನೋಡಿ, ಐದು ಸರಿಯಿದ್ದು ಒಂದು ಕೆಟ್ಟಿರುವುದು ಸಾಮಾನ್ಯ. ಸಿಲಿಂಡರ್ ಮತ್ತು ನಳಿಕೆಯ ನಡುವಿನ ಸಂದು 0.15ರಿಂದ 0.25 ಮಿ.ಮೀ. ಇರಬೇಕು, ಗ್ಯಾರೇಜಿನವರು ಸಂದು ಅಳೆಯಲು ಬಳಸುವ ಫೀಲರ್ ಗೇಜ್ ಸಾಕು. ನಮ್ಮ ಸರ್ಕಾರಿ ಕಾರ್ಖಾನೆಯ ಹಳೆಯ .32 ರಿವಾಲ್ವರುಗಳೆಲ್ಲ ವೆಬ್ಲಿ ಮಾದರಿಯವು, ನಡುವಿನ ಕೀಲಿನಲ್ಲಿ ಮುಂದಕ್ಕೆ ಮಡಚಿ ತೆರೆಯುತ್ತವೆ. ಅವುಗಳ ಪ್ರಾಣ ಮೇಲಿನ ಕೊಂಡಿ. ಮುಚ್ಚಿದ ಮೇಲೆ ನಳಿಕೆಯನ್ನು ಮೇಲೆ ಕೆಳಗೆ ಅಲುಗಿಸಿ ನೋಡಿ. ಲಟಲಟ ಎಂದರೆ ಕೊಂಡಿಯೋ ಕೀಲೋ ಸವೆದಿದೆ, ಬಿಟ್ಟು ಬನ್ನಿ. ‘ಪ್ರಬಲ್’ನಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ, ಮೇಲಿನ ಪಟ್ಟಿ ಒಡಕಿಲ್ಲದ್ದು. ಹೊಸತು ಕೊಳ್ಳುವವರಿಗೆ ಈ ರಚನೆಯನ್ನೇ ಆರಿಸಿ ಎನ್ನುತ್ತೇನೆ. ಎರಡು ಬಗೆಯಲ್ಲೂ ಖಾಲಿ ಕವಚ ಹೊರಹಾಕುವಾಗ ನಳಿಕೆ ಮೇಲ್ಮುಖವಾಗಿರಲಿ, ಒಂದೇ ಏಟಿಗೆ ತಳ್ಳಿ. ಅರೆಮನಸ್ಸಿನಿಂದ ತೆರೆದರೆ ಒಂದು ಕವಚ ಅವುಗಳನ್ನು ಹೊರದೂಡುವ ನಕ್ಷತ್ರಾಕಾರದ ಬಿಲ್ಲೆಯ ಅಡಿಗೆ ಜಾರಿ, ರಿವಾಲ್ವರ್ ಮುಚ್ಚಲೂ ಬಾರದು ತೆರೆಯಲೂ ಬಾರದು.

ಕೆಳಗೆ ಬಿದ್ದರೆ ಏನಾಗುತ್ತದೆ ಎಂದು ತಪ್ಪದೆ ಕೇಳಿ. ಟ್ರಿಗರ್ ಎಳೆಯದ ಹೊರತು ಹ್ಯಾಮರ್ ತೋಟೆಯನ್ನು ಮುಟ್ಟದಂತೆ ತಡೆಯುವ ತುಂಡು ಒಳಗಿಲ್ಲದಿದ್ದರೆ, ಹ್ಯಾಮರಿನಡಿಯ ಕೋಣೆಯನ್ನು ಖಾಲಿ ಬಿಟ್ಟು ಐದೇ ತುಂಬಿ. ಹ್ಯಾಮರ್ ಬದಲು ಒಳಗಿನ ಸ್ಪ್ರಿಂಗ್ ಮೊಳೆಯೇ ತೋಟೆಗೆ ಹೊಡೆಯುವ ಹಳೆಯ ಸ್ಟ್ರೈಕರ್ ಪಿಸ್ತೂಲುಗಳಲ್ಲಿ ಸೇಫ್ಟಿ ಹಾಕಿದ್ದರೂ ಒಳಗಿನ ಮೊಳೆಗೆ ತಡೆಯಿರುವುದಿಲ್ಲ. ಅವುಗಳ ನಳಿಕೆಯ ಕೋಣೆ ಖಾಲಿ ಇರಲಿ, ಮ್ಯಾಗಜೀನ್ ಮಾತ್ರ ತುಂಬಿರಲಿ.

ಇನ್ನು ಬಚ್ಚಿಡುವ ಮಾತು. ಬಟ್ಟೆಯಲ್ಲಿ ಎದ್ದು ಕಾಣುವುದು ನಳಿಕೆಯಲ್ಲ, ಹಿಡಿ. ನಳಿಕೆ ಎಷ್ಟು ಉದ್ದವಿದ್ದರೂ ಪ್ಯಾಂಟಿನೊಳಗೆ ಇಳಿದುಹೋಗುತ್ತದೆ. ಬಾಗಿದಾಗ ಅಂಗಿಯನ್ನು ಹಿಂದಕ್ಕೆ ತಳ್ಳುವುದು ಹಿಡಿಯ ತುದಿ. ಎರಡು ಇಂಚಿನ ನಳಿಕೆಗಾಗಿ ಹುಡುಕಾಡುವ ಬದಲು ಮೂರು ಬೆರಳು ಹಿಡಿಸುವಷ್ಟೇ ಎತ್ತರದ ಹಿಡಿ ನೋಡಿ. ಎರಡೇ ಬೆರಳು ಹಿಡಿಸಿದರೆ ಹೊಡೆಯುವಾಗ ಜಾರುತ್ತದೆ. ಇದಕ್ಕಿಂತ ಮುಖ್ಯವಾದದ್ದು ಬೆಲ್ಟ್. ಮಾಮೂಲಿ ಮೃದು ಬೆಲ್ಟಿನಲ್ಲಿ ಏಳುನೂರು ಗ್ರಾಂ ಜೋತಾಡಿ ಹೊರಕ್ಕೆ ವಾಲುತ್ತದೆ, ಜನ ಬಂದೂಕನ್ನು ದೂರುತ್ತಾರೆ. ಒಂದೂವರೆ ಇಂಚು ಅಗಲದ, ಎರಡು ಪದರದ ಗಡಸು ಚರ್ಮದ ಬೆಲ್ಟ್ ಹೊಲಿಸಿಕೊಂಡರೆ ಅದೇ ಭಾರ ಅರ್ಧದಷ್ಟಾದಂತೆ ಅನಿಸುತ್ತದೆ. ಪಂಚೆ, ಲುಂಗಿಯ ಸೊಂಟಕ್ಕೆ ಸಿಕ್ಕಿಸುವುದು ಬೇಡವೇ ಬೇಡ. ಜುಬ್ಬಾದ ಬದಿಜೇಬೂ ಅಷ್ಟೇ, ಓಲಾಡುತ್ತದೆ.

ಹೋಲ್‌ಸ್ಟರ್ (ಬಂದೂಕಿನ ಒರೆ) ಟ್ರಿಗರ್ ಗಾರ್ಡನ್ನು, ಎಂದರೆ ಟ್ರಿಗರ್ ಸುತ್ತಿನ ಬಳೆಯನ್ನು, ಪೂರ್ತಿ ಮುಚ್ಚಬೇಕು, ಒಂದು ಕೈಯಲ್ಲಿ ಮರಳಿ ಸೇರಿಸುವಂತೆ ಅದರ ಬಾಯಿ ತೆರೆದೇ ನಿಂತಿರಬೇಕು. ಮೆತ್ತಗಾದ ಹಳೆಯ ಚರ್ಮದ ಬಾಯಿ ಒಳಕ್ಕೆ ಮಡಚಿ ಟ್ರಿಗರಿಗೆ ಸಿಕ್ಕಿ, ಒಳಗೆ ತಳ್ಳುವಾಗಲೇ ಗುಂಡು ಹಾರಿ ತೊಡೆ ಸೀಳಿದ ಅವಘಡಗಳು ಆಗಿವೆ. ಜೇಬಿನಲ್ಲಿ ಇಡುವವರು ಜೇಬಿನ ಹೋಲ್‌ಸ್ಟರ್ ಬಳಸಿ, ಆ ಜೇಬಿನಲ್ಲಿ ಬೀಗದಕೈ, ಚಿಲ್ಲರೆ, ಪೆನ್ನು ಏನೂ ಇರಬಾರದು. ಹೆಂಗಸರು ಕೈಚೀಲದಲ್ಲಿ ಇಡುವ ರೂಢಿ ಕೆಟ್ಟದ್ದು: ಚೀಲ ಕಸಿದರೆ ಬಂದೂಕೂ ಹೋಯಿತು, ಮಗು ಚಾಕೊಲೇಟ್ ಹುಡುಕುವುದೂ ಅದೇ ಚೀಲದಲ್ಲಿ. ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಹೋಲ್‌ಸ್ಟರಿನಲ್ಲೇ ಇರಬೇಕು, ಝಳಪಿಸಬಾರದು ಎಂಬುದು 2016ರ ಶಸ್ತ್ರಾಸ್ತ್ರ ನಿಯಮಗಳ ಮಾತೂ ಹೌದು. ಮದುವೆ ದಿಬ್ಬಣದಲ್ಲಿ ಗಾಳಿಗೆ ಹಾರಿಸಿದರೆ, ಬೇರೆಯವರ ಜೀವಕ್ಕೆ ಅಪಾಯವಾಗುವಂತಿದ್ದರೆ, ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಮಲೆನಾಡು, ಕರಾವಳಿಯವರಿಗೆ ಪ್ರತ್ಯೇಕವಾಗಿ ಒಂದು ಮಾತು. ಬೆವರು ಉಪ್ಪು, ಮೈಗೆ ತಾಗುವ ಬದಿ ಮೊದಲು ತುಕ್ಕು ಹಿಡಿಯುತ್ತದೆ. ರಾತ್ರಿ ತೆಗೆದಿಡುವಾಗ ತೆಳುವಾಗಿ ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ, ಹೋಲ್‌ಸ್ಟರಿನಿಂದ ಹೊರಗೆ, ಬೀಗ ಹಾಕುವ ಪೆಟ್ಟಿಗೆಯಲ್ಲಿಡಿ. ಹದ ಮಾಡಿದ ಚರ್ಮ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಹೀರುತ್ತಲೇ ಇರುತ್ತದೆ, ಅದರೊಳಗೆ ವಾರಗಟ್ಟಲೆ ಇಟ್ಟ ನೀಲಿ ಉಕ್ಕಿನ ಮೇಲೆ ಕಂದು ಚುಕ್ಕೆ ಏಳುತ್ತದೆ. ಎಣ್ಣೆ ತೋಟೆಗೆ ಮಾತ್ರ ತಾಗಬಾರದು, ಕಿಡಿಮದ್ದಿಗೆ ಇಳಿದು ಅದನ್ನು ಕೊಲ್ಲುತ್ತದೆ. ಮೈಮೇಲೆ ಒಯ್ಯುವ ಆರು ತೋಟೆಗಳನ್ನು ವರ್ಷಕ್ಕೊಮ್ಮೆ ಅಭ್ಯಾಸದಲ್ಲಿ ಹೊಡೆದು ಹೊಸತು ತುಂಬಿ. ಪ್ರಯಾಣದ ಚೀಲದ ಹೊಲಿಗೆ ಸಂದಿಯಲ್ಲಿ ಉಳಿದ ಒಂದೇ ಒಂದು ತೋಟೆ ವಿಮಾನ ನಿಲ್ದಾಣದ ಎಕ್ಸ್‌ರೇಗೆ ಬಿದ್ದರೆ ಆ ದಿನ ಮುಗಿದಂತೆ. ಚೀಲವನ್ನು ತಿರುವಿ ಕೊಡವಿ.

ಕೊಂಡ ಮೇಲೆ ಎಷ್ಟು ಅಭ್ಯಾಸ? ಕನಿಷ್ಠ ಐವತ್ತು ಗುಂಡು, ಐದರಿಂದ ಏಳು ಮೀಟರಿನಲ್ಲಿ, ಎಲ್ಲವೂ ಡಬಲ್ ಆ್ಯಕ್ಷನ್‌ನಲ್ಲಿ. ಅಷ್ಟು ಹೊಡೆಯುವವರೆಗೆ ಅದನ್ನು ನಂಬಿ ಹೊರಗೆ ಒಯ್ಯಬೇಡಿ. ತೊಡಕಿರುವುದು ಇಲ್ಲೇ. ಲೈಸೆನ್ಸಿಗೆ ಸುರಕ್ಷತಾ ತರಬೇತಿಯ ಎಸ್-1 ಪ್ರಮಾಣಪತ್ರ ಬೇಕು. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳು ಒಳ್ಳೆಯವೇ, ಆದರೆ ಅಲ್ಲಿ ಕೈಗೆ ಕೊಡುವುದು ಮುಖ್ಯವಾಗಿ ರೈಫಲ್. ಭುಜಕ್ಕೆ ಒತ್ತಿ ಮಲಗಿ ಹೊಡೆದ ಅಭ್ಯಾಸ ಮೂರು ಇಂಚಿನ ನಳಿಕೆಗೆ ಏನೇನೂ ಸಾಲದು. .32 ಲೈಸೆನ್ಸ್ ಇರುವವರಿಗೆ ಈ ಶಿಬಿರಗಳಲ್ಲೇ ಇನ್ನೊಂದು ದಿನ ಸೇರಿಸಿ, ಅವರವರ ಬಂದೂಕು, ಅವರವರ ಹೋಲ್‌ಸ್ಟರ್ ತಂದು ಹೊಡೆಯಲು ಬಿಡಬೇಕೆಂದು ಗೃಹ ಇಲಾಖೆಯನ್ನು ಕೋರುತ್ತೇನೆ. ಅದಕ್ಕೆ ಬೇಕಿರುವುದು ಒಂದು ಎತ್ತರದ ಮಣ್ಣಿನ ದಿಬ್ಬ, ಕೈಬಂದೂಕು ಗೊತ್ತಿರುವ ಒಬ್ಬ ತರಬೇತುದಾರ, ಮತ್ತು ಅಲ್ಲಿ ಹೊಡೆದ ತೋಟೆಗಳನ್ನು ಲೈಸೆನ್ಸಿನಲ್ಲಿ ವರ್ಷಕ್ಕೆ ಇಷ್ಟೇ ಎಂದಿರುವ ತೋಟೆಗಳ ಲೆಕ್ಕದಿಂದ ಹೊರಗಿಡುವ ಒಂದು ಸುತ್ತೋಲೆ.

ಇತಿ,
ಕೈಬಂದೂಕು ತರಬೇತುದಾರ
ಚಿಕ್ಕಮಗಳೂರು