ಕಾರ್ಕಳ–ವೇಣೂರು ಪ್ರವಾಸ: ಏಳು, ಎಂಟನೇ ತರಗತಿಯ ಪೋಷಕರಿಗೆ

ಆತ್ಮೀಯ ಪೋಷಕರೇ, ನಮಸ್ಕಾರ.

ಡಿಸೆಂಬರ್‌ನ ಮೊದಲ ಶನಿವಾರ ಮಕ್ಕಳನ್ನು ಕಾರ್ಕಳ, ವೇಣೂರು, ಪಿಲಿಕುಳಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. "ಈ ಸಲ ವಾಟರ್ ಪಾರ್ಕ್ ಇಲ್ವಾ ಟೀಚರ್?" ಎಂದು ಕೆಲವರು ಮುಖ ಸಣ್ಣ ಮಾಡಿದ್ದಾರೆ. ಇಲ್ಲ. ಅದು ನಿಮ್ಮ ಪಾಲಿಗೇ ಇರಲಿ, ರಜೆಯಲ್ಲಿ ತೋರಿಸಿ.

ಕಾರ್ಕಳದ ಗೊಮ್ಮಟನನ್ನು ಹೆಚ್ಚಿನ ಮಕ್ಕಳು ನೋಡಿರುತ್ತಾರೆ. ಮೆಟ್ಟಿಲು ಹತ್ತಿ, ಫೋಟೋ ತೆಗೆದು, ಇಳಿದು ಬಂದಿರುತ್ತಾರೆ ಅಷ್ಟೇ. ಈ ಸಲ ಶಿಲ್ಪಿ ಕಲ್ಕುಡನ ಪಾಡ್ದನ (ತುಳುವಿನ ಹಾಡುಗಥೆ) ಕೇಳುತ್ತಾ ನೋಡಲಿ. 42 ಅಡಿಯ ಮೂರ್ತಿ ಮುಗಿದದ್ದೇ ತಡ, ಇಂಥದ್ದು ಇನ್ನೆಲ್ಲೂ ಏಳಬಾರದು ಎಂದು ಅರಸ ಶಿಲ್ಪಿಯ ಎಡಗೈ, ಬಲಗಾಲು ಕಡಿಸುತ್ತಾನೆ. ಕಲ್ಕುಡ ವೇಣೂರಿಗೆ ಹೋಗಿ ಉಳಿದ ಒಂದೇ ಕೈಯಲ್ಲಿ ಇನ್ನೊಬ್ಬ ಗೊಮ್ಮಟನನ್ನು ಕಡೆಯುತ್ತಾನೆ. ಮುಂದೆ ಅವನೂ ತಂಗಿ ಕಲ್ಲುರ್ಟಿಯೂ ದೈವಗಳಾಗುತ್ತಾರೆ. ಆದರೆ ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ವೇಣೂರಿನದ್ದು 1604ರಲ್ಲಿ. ನಡುವೆ 172 ವರ್ಷ! ಹಾಗಾದರೆ ಪಾಡ್ದನ ಸುಳ್ಳಾ? ಈ ಲೆಕ್ಕ ಮಕ್ಕಳೇ ಹಾಕಿ, ಅವರೇ ಜಗಳ ಮಾಡಲಿ. ದಯವಿಟ್ಟು ಮನೆಯಲ್ಲಿ ಮೊದಲೇ ಹೇಳಿಬಿಡಬೇಡಿ. ನನ್ನ ಮಟ್ಟಿಗೆ, ಶಾಸನ ಅರಸನನ್ನು ನೆನಪಿಟ್ಟುಕೊಂಡಿತು, ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುತ್ತಾ ಪಾಡ್ದನ ಹೇಳಿದ ಹೆಂಗಸರು ಕೈ ಕಳೆದುಕೊಂಡವನನ್ನು ನೆನಪಿಟ್ಟುಕೊಂಡರು. ಎರಡೂ ಬೇಕು.

ಮನೆಯಲ್ಲಿ ಅಜ್ಜಿಗೆ ಪಾಡ್ದನದ ಎರಡು ಸಾಲು ಬಂದರೂ ಸಾಕು, ಮಕ್ಕಳು ಬರೆದುಕೊಂಡು ಬರಲಿ. ಮನೆಮಾತು ಕೊಂಕಣಿ, ಬ್ಯಾರಿ ಆದರೆ ನಿಮ್ಮ ಕಡೆಯ ಕಥೆ ಕೊಡಿ. ಇನ್ನೊಂದು ಮಾತು. ಸಿನಿಮಾ ನೋಡಿ ದೈವದ ಕೂಗು ಹಾಕುವುದು ಈಗ ಮಕ್ಕಳಿಗೆ ಆಟವಾಗಿದೆ. ನಂಬುವವರ ಊರಿನಲ್ಲಿ ಅದು ಬೇಡ, ರೀಲ್ಸ್ ಕೂಡ ಬೇಡ.

ಬೆಳ್ತಂಗಡಿಯ ಗಡಾಯಿಕಲ್ಲು ಯಾಕೆ ಬಿಟ್ರಿ ಎಂದು ಕೆಲವರು ಕೇಳಿದ್ದೀರಿ. 1794ರಲ್ಲಿ ಟಿಪ್ಪು ಕಟ್ಟಿಸಿ ತಾಯಿಯ ಹೆಸರಿಟ್ಟನೆಂದು ಹೇಳುವ ಕೋಟೆ, ನನಗೂ ಇಷ್ಟ. ಆದರೆ 1,800ಕ್ಕೂ ಜಾಸ್ತಿ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ದಿನವೇ ಮುಗಿಯುತ್ತದೆ. ಕೋಟೆ ನೋಡಲು ಬೆಳ್ತಂಗಡಿಗೇ ಹೋಗಬೇಕೆಂದಿಲ್ಲ ಅಲ್ವಾ? ವೇಣೂರಿನ ಬದಿಯಲ್ಲಿ ಹರಿಯುವ ಫಲ್ಗುಣಿ ನದಿಯೇ ಮುಂದೆ ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿಯನ್ನು ದಾಟಿ ಸಮುದ್ರ ಸೇರುತ್ತದೆ. ಶತ್ರುಗಳ ಹಡಗು ಒಳಗೆ ನುಗ್ಗದಂತೆ 1784ರಲ್ಲಿ ಕಟ್ಟಿದ ಕಾವಲು ಬುರುಜು ಅದು. ಒಂದು ಭಾನುವಾರ ಸಂಜೆ ಕರೆದುಕೊಂಡು ಹೋಗಿ, ಫಿರಂಗಿ ಕಿಂಡಿಯಲ್ಲಿ ಇಣುಕಲಿ.

ವಾಪಸ್ ಬರುವಾಗ ಪಿಲಿಕುಳ. ಅಲ್ಲಿ ಮೃಗಾಲಯ ಬಿಟ್ಟು, ಪಶ್ಚಿಮ ಘಟ್ಟದ ಮರಗಳ ತೋಟ ಮತ್ತು ಗುತ್ತಿನ ಮನೆ (ತುಳುನಾಡಿನ ಊರ ಯಜಮಾನರ ಹಳೆಯ ಮಾದರಿಯ ಮನೆ) ಮಾತ್ರ ನೋಡುತ್ತೇವೆ.

ಬಂಡೆ ಕಾಯುವ ಮೊದಲೇ ಕಾರ್ಕಳದಲ್ಲಿ ಹತ್ತಬೇಕು. ಹಾಗಾಗಿ ಬಸ್ಸು ಬೆಳಗ್ಗೆ 6.30ಕ್ಕೆ ಶಾಲೆಯಿಂದ ಹೊರಡುತ್ತದೆ. ಗೊಮ್ಮಟನ ಹತ್ತಿರ ಬರಿಗಾಲು, ಕಾಲುಚೀಲ ಕಳುಹಿಸಿ. ಬಸ್ಸಿನಲ್ಲಿ ವಾಂತಿ ಆಗುವ ಮಕ್ಕಳಿದ್ದರೆ ಕ್ಲಾಸ್ ಟೀಚರಿಗೆ ಮೊದಲೇ ತಿಳಿಸಿ, ಮುಂದಿನ ಸೀಟು ಕೊಡುತ್ತೇವೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಇದೇ ಶುಕ್ರವಾರದೊಳಗೆ ಕೊಡಿ.

ಇಂತಿ,
ಮುಖ್ಯೋಪಾಧ್ಯಾಯಿನಿ
ಮಂಗಳೂರು