97 ಸೆಂಟಿಮೀಟರಿನ ದೋಣಿ, ಲೆಕ್ಕವಿಲ್ಲದಷ್ಟು ಋಣ

ಕಳೆದ ಭಾನುವಾರ ಕೊನೆಯ ತಗಡು ಕೂತಿತು. ಹಾಲೆಂಡ್-1 ಎಂಬ ಹಳೆಯ ಬ್ರಿಟಿಷ್ ಜಲಾಂತರ್ಗಾಮಿಯ ನನ್ನ ಪುಟ್ಟ ಮಾದರಿ ಮುಗಿಯಿತು. ಎರಡು ವರ್ಷ ನಾಲ್ಕು ತಿಂಗಳು ನಮ್ಮ ಊಟದ ಮೇಜಿನ ಅರ್ಧ ಅದರದೇ ಆಗಿತ್ತು. ಉಳಿದರ್ಧದಲ್ಲಿ ಬಡಿಸಿ, ಸಾರಿನಲ್ಲಿ ಮರದ ಪುಡಿ ಬಿದ್ದರೂ ಸೌಟಿನಲ್ಲಿ ತೆಗೆದು ಹಾಕಿ ಸುಮ್ಮನಿದ್ದ ನನ್ನ ಹೆಂಡತಿಗೆ ಮೊದಲ ನಮಸ್ಕಾರ.

ಮೂವತ್ತು ವರ್ಷ ಲೇತ್ ಮುಂದೆ ನಿಂತ ಟರ್ನರ್ ನಾನು. ಲಕ್ವ ಹೊಡೆದ ಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬಲಗೈ ಒಪ್ಪುತ್ತಿರಲಿಲ್ಲ. ರಬ್ಬರ್ ಚೆಂಡು ಒತ್ತಿ ಒತ್ತಿ ನಾನು ಸಿಡುಕುವುದನ್ನು ನೋಡಿ ಫಿಸಿಯೋಥೆರಪಿಯ ಹುಡುಗಿ, "ಅಂಕಲ್, ಚೆಂಡು ಬಿಡಿ. ನಿಮಗೆ ಇಷ್ಟವಾದ ಒಂದು ಸಾಮಾನು ಮಾಡಿ" ಅಂದಳು. ಆ ಮಾತಿಗೆ ಏನು ಕೊಟ್ಟರೂ ಕಡಿಮೆ.

ಇಷ್ಟವಾದದ್ದು ಯಾವುದು ಎಂದು ಹುಡುಕಬೇಕಾಗಿರಲಿಲ್ಲ. ಹಿಂದಿನ ವರ್ಷ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿರುವ ಮಗಳ ಮನೆಗೆ ಹೋದಾಗ ದೋಣಿ ಹತ್ತಿ ಆಚೆ ದಡದ ಗಾಸ್ಪೋರ್ಟ್‌ಗೆ, ಸಬ್‌ಮರೀನ್ ಮ್ಯೂಸಿಯಮ್ಮಿಗೆ ಹೋಗಿದ್ದೆವು. ಬ್ರಿಟಿಷ್ ನೌಕಾಪಡೆಯ ಮೊಟ್ಟಮೊದಲ ಜಲಾಂತರ್ಗಾಮಿ, ಹಾಲೆಂಡ್-1, ಅಲ್ಲಿದೆ. ಬ್ಯಾರೋದ ವಿಕರ್ಸ್ ಕಾರ್ಖಾನೆಯಲ್ಲಿ ಕಟ್ಟಿ 1901ರ ಅಕ್ಟೋಬರ್ 2ರಂದು ನೀರಿಗಿಳಿಸಿದ್ದು. ಉದ್ದ 63 ಅಡಿ 10 ಇಂಚು. ನಡುವೆ ಒಂದು ಗೋಡೆಯೂ ಇಲ್ಲ. ಎಂಟು ಜನ, 160 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್, ಬ್ಯಾಟರಿ, ಟಾರ್ಪಿಡೊ ಎಲ್ಲ ಒಂದೇ ಕೊಳವೆಯೊಳಗೆ. ಬಗ್ಗಿ ನೋಡಿದವನು ನಾನು ಏಳಲೇ ಇಲ್ಲ. "ಅಪ್ಪಾ, ಹಿಂದೆ ಜನ ಕಾಯ್ತಿದ್ದಾರೆ" ಎಂದು ಮಗಳು ತೋಳು ಹಿಡಿದು ಎಳೆದಳು.

ಅಲ್ಲಿ ಸ್ವಯಂಸೇವಕರಾಗಿದ್ದ ಹಿರಿಯರೊಬ್ಬರು ನನ್ನ ಮುರುಕು ಇಂಗ್ಲಿಷಿಗೆ ಮುಕ್ಕಾಲು ಗಂಟೆ ಉತ್ತರ ಕೊಟ್ಟರು. ನೀರೊಳಗಿದ್ದುಕೊಂಡೇ ಮೇಲಿನದನ್ನು ನೋಡುವ ಕೊಳವೆಯ, ಅಂದರೆ ಪೆರಿಸ್ಕೋಪಿನ, ಕಥೆ ಹೇಳಿದ್ದು ಅವರೇ. ಈ ದೋಣಿಯ ಪೆರಿಸ್ಕೋಪ್ ನೆಟ್ಟಗೆ ಮೇಲೇರುವಂಥದ್ದಲ್ಲ. ಬುಡದಲ್ಲಿ ಗುಂಡು ಕೀಲು, ಬೇಡವಾದಾಗ ಮೇಲ್ಭಾಗದ ಮೇಲೆ ಮಲಗಿಸಿಡಬೇಕು. ಎದುರಿನ ಹಡಗು ಅದರಲ್ಲಿ ನೆಟ್ಟಗೆ ಕಾಣುತ್ತದೆ. ಪಕ್ಕಕ್ಕೆ ತಿರುಗಿಸಿದರೆ ಹಡಗು ಮಗ್ಗುಲಾಗಿ ಬಿದ್ದಂತೆ, ಹಿಂದಕ್ಕೆ ತಿರುಗಿಸಿದರೆ ಪೂರ್ತಿ ತಲೆಕೆಳಗು! ಇದನ್ನು ಕಣ್ಣಿಗೆ ಹಚ್ಚಿಕೊಂಡೇ ಆ ಹುಡುಗರು ಗುರಿ ಹಿಡಿಯಬೇಕಿತ್ತು. ಆ ಕೀಲಿಗೆ ಹಿತ್ತಾಳೆಯ ಗುಂಡು ಅರೆಯಲು ನನಗೆ ಏಳು ಸಲ ಬೇಕಾಯಿತು. ಆರನೆಯದು ಕೈಯಿಂದ ಜಾರಿ ಕಪಾಟಿನ ಕೆಳಗೆ ಹೋದದ್ದು ಇನ್ನೂ ಸಿಕ್ಕಿಲ್ಲ. ಏಳನೆಯದು ಕೂತ ದಿನ ನನ್ನ ಅಂಗಿಯ ಗುಂಡಿ ನಾನೇ ಹಾಕಿಕೊಂಡೆ.

ಈ ದೋಣಿಯ ವಿನ್ಯಾಸ ಮಾಡಿದ ಜಾನ್ ಫಿಲಿಪ್ ಹಾಲೆಂಡ್ ಅವರಿಗೂ ಋಣಿ. ಐರ್ಲೆಂಡಿನ ಶಾಲಾ ಮೇಷ್ಟ್ರು, 1873ರಲ್ಲಿ ಅಮೆರಿಕ ಸೇರಿದರು. ಇವರ ಜಲಾಂತರ್ಗಾಮಿಗಳಿಗೆ ಮೊದಮೊದಲು ದುಡ್ಡು ಕೊಟ್ಟವರು ಬ್ರಿಟಿಷರ ಹಡಗು ಮುಳುಗಿಸಬೇಕೆಂದಿದ್ದ ಐರಿಷ್ ಕ್ರಾಂತಿಕಾರಿಗಳು. ಕೊನೆಗೆ ಅದೇ ಬ್ರಿಟಿಷರು ತಮ್ಮ ದೋಣಿಗೆ ಇವರ ಹೆಸರಿಟ್ಟುಕೊಂಡರು. ಮೇಷ್ಟ್ರ ಜಾಣತನ ನಮ್ಮ ಅಜ್ಜಿಗೂ ಅರ್ಥವಾಗುತ್ತಿತ್ತು: ತುಂಬಿದ ಕೊಡ ತುಳುಕುವುದಿಲ್ಲ. ಮುಳುಗುವಾಗ ದೊಡ್ಡ ನೀರಿನ ತೊಟ್ಟಿಗಳನ್ನು ಪೂರ್ತಿ ತುಂಬಿಸಿಬಿಟ್ಟರೆ ನೀರು ಹಿಂದೆ ಮುಂದೆ ಓಡಾಡದು, ದೋಣಿಯ ತೂಕದ ಕೇಂದ್ರ ಕದಲದು. ಆಮೇಲೂ ಚೂರು ತೇಲುವ ಗುಣ ಉಳಿಸಿಕೊಂಡು, ಹಿಂದಿನ ರೆಕ್ಕೆ ಓರೆ ಮಾಡಿ ಬ್ಯಾಟರಿ ಮೋಟಾರಿನ ಬಲದಿಂದ ಮೂಗು ಕೆಳಗೆ ಮಾಡಿ ಇಳಿಯುವುದು. ಮೋಟಾರು ನಿಂತರೆ ತಾನೇ ಮೇಲೆ ಬರುತ್ತದೆ.

ಈ ದೋಣಿ ಯುದ್ಧದಲ್ಲಿ ಒಂದು ಗುಂಡೂ ಹಾರಿಸಲಿಲ್ಲ. 1903ರಲ್ಲಿ ಒಳಗೇ ಸ್ಫೋಟವಾಗಿ ನಾಲ್ವರಿಗೆ ಗಾಯವಾಯಿತು. 1913ರಲ್ಲಿ 410 ಪೌಂಡಿಗೆ ಗುಜರಿಗೆ ಮಾರಿದರು. ಎಳೆದೊಯ್ಯುವಾಗ ಎಡ್ಡಿಸ್ಟೋನ್ ದೀಪಸ್ತಂಭದ ಹತ್ತಿರ ತಾನೇ ಮುಳುಗಿತು. ಗುಜರಿಯವನ ಕೈಗೆ ಸಿಗಲಿಲ್ಲ ಎಂಬುದೇ ನನಗೆ ಖುಷಿ. 1981ರಲ್ಲಿ ಸಿಕ್ಕಿತು, ಮರುವರ್ಷ ಮೇಲೆತ್ತಿದರು. ಆದರೆ ಉಪ್ಪು ಉಕ್ಕಿನೊಳಗೇ ಕೂತು ತಿನ್ನುತ್ತಿತ್ತು. ಆಮೇಲೆ ವರ್ಷಗಟ್ಟಲೆ ವಾಷಿಂಗ್ ಸೋಡಾ ಬೆರೆಸಿದ ನೀರಿನ ತೊಟ್ಟಿಯಲ್ಲಿ ನೆನೆಸಿಟ್ಟು ಉಪ್ಪು ಬಿಡಿಸಿದರು. ಮೊದಲ ಆರು ತಿಂಗಳು ಕೈ ಒಂಚೂರೂ ಸುಧಾರಿಸದಿದ್ದಾಗ ಅಳಿಯ ಇದನ್ನೇ ನೆನಪಿಸುತ್ತಿದ್ದ: "ಮಾವ, ತೊಟ್ಟಿಯಲ್ಲಿದ್ದೀರಿ ಅಂದ್ಕೊಳ್ಳಿ."

ಸಾಗುವಾನಿಯ ತುಂಡುಗಳನ್ನು ಕೊಟ್ಟು ದುಡ್ಡು ಮುಟ್ಟದ ನಮ್ಮ ಬೀದಿಯ ಬಡಗಿಯವರಿಗೆ, ಮತ್ತೆ ಮತ್ತೆ ಮ್ಯೂಸಿಯಮ್ಮಿಗೆ ಹೋಗಿ ನಾನು ಕೇಳಿದ ಮೂಲೆಯ ಫೋಟೋ ತೆಗೆದು ಕಳಿಸಿದ ಮಗಳಿಗೆ, ನನ್ನ ಹಳೆಯ ವರ್ಕ್‌ಶಾಪ್ ಗೆಳೆಯರಿಗೆ ಮನಸಾರೆ ವಂದನೆ. ಗೆಳೆಯರು ಬಂದು ಚಹಾ ಕುಡಿದು "ವಾರೆಯಾಗಿದೆ ಮಾರಾಯ" ಎಂದು ಹೇಳಿ ಹೋಗುತ್ತಿದ್ದರು. ವಾರೆ ಇತ್ತು, ಬಿಚ್ಚಿ ಮತ್ತೆ ಮಾಡಿದೆ.

ಮೊಮ್ಮಗಳ ಪಾಲೂ ಇದೆ. ಪೆಟ್ರೋಲ್ ಹೊಗೆ ಸೋರಿದರೆ ಮೊದಲೇ ಗೊತ್ತಾಗಲೆಂದು ಆ ಕಾಲದ ನಾವಿಕರು ಬಿಳಿ ಇಲಿಗಳನ್ನು ಒಳಗೆ ಸಾಕುತ್ತಿದ್ದರು ಎಂದು ಹೇಳಿದ್ದೇ ತಡ, ಹೂಬತ್ತಿಯ ಹತ್ತಿಯಿಂದ ಎರಡು ಇಲಿ ಮಾಡಿ ತಂದಳು, ಸಾಸಿವೆಕಾಳಿಗಿಂತ ಸ್ವಲ್ಪ ದೊಡ್ಡವು. ಚಿಮಟಿಗೆಯಲ್ಲಿ ಹಿಡಿದು ಎಂಜಿನ್ ಪಕ್ಕ ಅಂಟಿಸಿದ್ದು ನನ್ನ ಬಲಗೈ. ಬಾಲ ಮಾತ್ರ ಮರೆತಿದ್ದಾಳೆ. ಬೇಸಿಗೆ ರಜೆಗೆ ಬಂದಾಗ ಹಚ್ಚಿಕೊಡುತ್ತಾಳಂತೆ.