ಹೊನ್ನಿನ ಚಿಪ್ಪು, ಒಡೆದ ಬೇಳೆ

ಪ್ರಿಯರೇ,

ಸೃಷ್ಟಿಕಥೆಗಳ ಕುರಿತ ನಿಮ್ಮ ಪ್ರಬಂಧವನ್ನು ಎರಡು ಸಲ ಓದಿದೆ. ಗದ್ಯ ಹದವಾಗಿದೆ, ನನ್ನ ಮೊದಲ ತಕರಾರಿರುವುದು ಮೂರನೆಯ ಪುಟದಲ್ಲಿ. ಮೊಟ್ಟೆಯೊಡೆದು ಲೋಕ ಹುಟ್ಟಿತೆಂಬ ಛಾಂದೋಗ್ಯ ಉಪನಿಷತ್ತಿನ ಕಥೆಯನ್ನು ಅಕ್ಷರಶಃ ನಂಬುವವರನ್ನು ಅಲ್ಲಿ ಗೇಲಿ ಮಾಡಿದ್ದೀರಿ, ಅದರ ಬೆನ್ನಿಗೇ ಆ ಕಥೆ ಮಹಾಸ್ಫೋಟದ (ಬಿಗ್ ಬ್ಯಾಂಗ್) ವರ್ಣನೆ ಎಂದೂ ಬರೆದಿದ್ದೀರಿ. ಅದೂ ಅಕ್ಷರಶಃ ಓದೇ. ಇತಿಹಾಸವನ್ನು ಎಬ್ಬಿಸಿ ಅದರ ಜಾಗದಲ್ಲಿ ಭೌತವಿಜ್ಞಾನವನ್ನು ಕೂರಿಸಿದ್ದೀರಿ, ಅಷ್ಟೆ.

ಆ ಭಾಗವನ್ನು (3.19) ಇನ್ನೊಮ್ಮೆ ನೋಡಿ. ಮೊಟ್ಟೆ ಒಂದು ವರ್ಷ ಹಾಗೆಯೇ ಇದ್ದು ಒಡೆಯುತ್ತದೆ. ಬೆಳ್ಳಿಯ ಚಿಪ್ಪು ಭೂಮಿ, ಹೊನ್ನಿನ ಚಿಪ್ಪು ಆಕಾಶ, ಹೊರಪೊರೆ ಬೆಟ್ಟ, ಒಳಪೊರೆ ಮೋಡ ಮತ್ತು ಮಂಜು, ನರಗಳು ನದಿ, ಒಳಗಿನ ನೀರು ಕಡಲು, ಹುಟ್ಟಿದ್ದು ಸೂರ್ಯ. ಆದರೆ ಆ ಖಂಡ ಆರಂಭವಾಗುವುದು ಸೂರ್ಯನನ್ನು ಬ್ರಹ್ಮವೆಂದು ಕಾಣಬೇಕೆಂಬ ಆದೇಶದಿಂದ, ಮುಗಿಯುವುದು ಹಾಗೆ ಉಪಾಸನೆ ಮಾಡುವವನಿಗೆ ದೊರೆಯುವ ಫಲದಿಂದ. ನಡುವಿನ ಕಥೆ ಯಾವ ಕೆಲಸಕ್ಕೆ ಬಂದಿದೆ ಎಂಬುದನ್ನು ಪಠ್ಯವೇ ಹೇಳುತ್ತಿದೆ. ಇಲ್ಲಿ ಮೊದಲಿಗೆ ಇದ್ದದ್ದು ಅಸತ್, ಅಂದರೆ ಇಲ್ಲದಿರುವಿಕೆ. ಅದೇ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಮಗ ಶ್ವೇತಕೇತುವಿಗೆ, ಅಸತ್ತಿನಿಂದ ಸತ್ (ಇರುವಿಕೆ) ಹುಟ್ಟುವುದಾದರೂ ಹೇಗೆ ಎಂದು ಕೇಳುತ್ತಾನೆ. ಎರಡನ್ನೂ ಒಂದೇ ಗ್ರಂಥದಲ್ಲಿ ಉಳಿಸಿಕೊಂಡವರು ಘಟನೆಗಳ ದಾಖಲೆ ಬರೆಯುತ್ತಿರಲಿಲ್ಲ.

ಸೃಷ್ಟಿಕಥೆಯನ್ನು ಹೀಗೆ ಓದುವುದು ನಮ್ಮ ಕಾಲದವರ ಜಾಣತನವೂ ಅಲ್ಲ. ಮಣ್ಣು, ಲೋಹ, ಕಿಡಿ ಮುಂತಾದ ದೃಷ್ಟಾಂತಗಳಿಂದ ಬಗೆಬಗೆಯಾಗಿ ಹೇಳಿರುವ ಸೃಷ್ಟಿಯು ಅರಿವಿಗೆ ಇಳಿಸುವ ಉಪಾಯ ಮಾತ್ರ ಎಂದು ಅದ್ವೈತದ ಹಳೆಯ ಆಚಾರ್ಯರಾದ ಗೌಡಪಾದರು ಮಾಂಡೂಕ್ಯ ಉಪನಿಷತ್ತಿನ ಮೇಲೆ ಬರೆದ ತಮ್ಮ ಕಾರಿಕೆಯಲ್ಲಿ (3.15) ಸ್ಪಷ್ಟವಾಗಿಯೇ ಹೇಳಿದ್ದಾರೆ. ಹಾಗೆಂದು ಇಡೀ ಪರಂಪರೆ ಈ ಓದಿನ ಪಕ್ಷದಲ್ಲಿದೆ ಎಂಬಂತೆ ಬರೆಯಬೇಡಿ. ನಮ್ಮ ಉಡುಪಿಯ ಮಧ್ವಾಚಾರ್ಯರಿಗೆ ಜಗತ್ತೂ ಸತ್ಯ, ಅದರ ಸೃಷ್ಟಿಯೂ ಸತ್ಯ.

ನಿಮ್ಮ ವಯಸ್ಸಿನಲ್ಲಿ ನಾನು ಮಾಡಿದ ತಪ್ಪು ಬೇರೆ. ಮೊಟ್ಟೆ ಎಂದರೆ ಮನಸ್ಸು, ಚಿಪ್ಪು ಎಂದರೆ ಅಹಂಕಾರ ಎಂದು ಪಟ್ಟಿ ಮಾಡಿ, ಕಥೆಯನ್ನು ನಿಘಂಟು ಮಾಡಿಬಿಟ್ಟಿದ್ದೆ. ಅದರಿಂದ ನನ್ನನ್ನು ಬಿಡಿಸಿದ್ದು ಬೃಹದಾರಣ್ಯಕ ಉಪನಿಷತ್ತಿನ ಒಂದು ಪದ. ಅಲ್ಲಿ (1.4) ಆದಿಯಲ್ಲಿ ಒಬ್ಬನೇ ಇದ್ದ ಆತ್ಮ ಹೆದರುತ್ತಾನೆ, 'ಆದ್ದರಿಂದ ಒಂಟಿಯಾದವನು ಹೆದರುತ್ತಾನೆ' ಎಂಬ ಮಾತು ಒಡನೆಯೇ ಬರುತ್ತದೆ. ನಾನಲ್ಲದೆ ಇನ್ನೊಂದಿಲ್ಲವಾದಾಗ ಯಾರಿಗೆ ಹೆದರಲಿ ಎಂದು ಸಮಾಧಾನ ಮಾಡಿಕೊಂಡರೂ ಅವನಿಗೆ ಸಂತೋಷವಿಲ್ಲ. 'ಆದ್ದರಿಂದ ಒಂಟಿಯಾದವನಿಗೆ ಸಂತೋಷವಿಲ್ಲ.' ಆ 'ಆದ್ದರಿಂದ' ಎಂಬುದರ ಮೇಲೆ ಬೆರಳಿಡಿ. ಇಂದು ರಾತ್ರಿ ಬೀಗ ಹಾಕಿದ ಮನೆಯೊಳಗೆ ಒಬ್ಬರೇ ಮಲಗಿದವರ ಭಯದಿಂದ ಹೊರಟು ಕಥೆ ಆದಿಗೆ ಹೋಗಿದೆ, ಆದಿಯಿಂದ ಹೊರಟು ಇಲ್ಲಿಗೆ ಬಂದದ್ದಲ್ಲ. ಮುಂದೆ ಅವನು ತನ್ನನ್ನೇ ಎರಡಾಗಿ ಸೀಳಿ ಗಂಡ ಹೆಂಡತಿಯಾಗುತ್ತಾನೆ. ಆದ್ದರಿಂದಲೇ ನಾವು ಪ್ರತಿಯೊಬ್ಬರೂ ಅರ್ಧ ಬೇಳೆಯಂತೆ ಎಂದು ಯಾಜ್ಞವಲ್ಕ್ಯರು ಹೇಳುತ್ತಿದ್ದರಂತೆ. ನಮ್ಮಜ್ಜಿ ಬೀಸುಕಲ್ಲಿನಲ್ಲಿ ತೊಗರಿ ಒಡೆಯುತ್ತಿದ್ದದ್ದನ್ನು ಕಂಡ ನನಗೆ ಇದಕ್ಕೆ ಭಾಷ್ಯ ಬೇಕಾಗಲಿಲ್ಲ: ಬೇಳೆಯ ಒಂದು ಮೈ ದುಂಡಗೆ, ಇನ್ನೊಂದು ಮೈ ಚಪ್ಪಟೆ, ಇನ್ನರ್ಧ ಅಂಟಿಕೊಂಡಿದ್ದ ಜಾಗ ಅದು.

ಋಗ್ವೇದದ ಪುರುಷಸೂಕ್ತದ ವಿಷಯದಲ್ಲಿ ಮಾತ್ರ ನಿಮ್ಮ ಐದನೆಯ ಪುಟವನ್ನು ನಾನು ಒಪ್ಪಲಾರೆ. ಬಾಯಿ, ತೋಳು, ತೊಡೆ, ಪಾದಗಳಿಂದ ವರ್ಣಗಳು ಬಂದವೆಂಬ ಋಕ್ಕನ್ನು (10.90.12) 'ಬರೀ ರೂಪಕ' ಎಂದು ದಾಟಿಬಿಟ್ಟಿದ್ದೀರಿ. ರೂಪಕವೇ ಇರಲಿ, ಯಾರನ್ನು ಪಾದದಲ್ಲಿಟ್ಟಿತು ಎಂದು ಆ ರೂಪಕವನ್ನೇ ಕೇಳಬೇಕಲ್ಲವೇ? ಅದನ್ನು ಅಕ್ಷರಶಃ ಹಿಡಿದು ಜನರನ್ನು ಊರಾಚೆ ಇರಿಸಿದ್ದು ನಡೆದ ಸಂಗತಿ, ಅದಕ್ಕೆ ಸಾಂಕೇತಿಕ ಅರ್ಥವಿಲ್ಲ.

ಈ ಎರಡು ಪುಟಗಳನ್ನು ತಿದ್ದಿ ಕಳಿಸಿ. ಮಹಾಸ್ಫೋಟದ ಪ್ಯಾರಾ ಪೂರ್ತಿ ಹೋಗಲಿ. ಬೇಳೆಯ ಮಾತು ನಿಮಗೆ ಬೇಕಿದ್ದರೆ ಬಳಸಿಕೊಳ್ಳಿ, ಅದು ನನ್ನದೇನೂ ಅಲ್ಲ.

ಇಂತು ನಿಮ್ಮ ಹಿತೈಷಿ